ಹನ್ನೊಂದು ಹುಡುಗಿಯರು, ಇಪ್ಪತ್ತೈದು ಕಿಲೋ ಉಂಡಿ

ಬೆಲ್ಲದ ಆಣ, ಅಂದರೆ ಪಾಕ, ಹದಕ್ಕೆ ಬಂದಾಗ ಒಂದು ವಾಸನೆ ಏಳುತ್ತದೆ. ಒಂದು ನಿಮಿಷ ಮುಂಚೆ ಅದು ಇರುವುದಿಲ್ಲ, ಒಂದು ನಿಮಿಷ ತಡವಾದರೆ ಸೀದ ವಾಸನೆಯೇ ಗತಿ. ಹೋದ ವಾರ ಬೆಂಗೇರಿ ಸಂತೆಯಿಂದ ಕಾಯಿಪಲ್ಯೆ ಚೀಲ ಹಿಡಿದು ಬರುತ್ತಿದ್ದಾಗ ಒಂದು ಓಣಿಯ ಬಾಯಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಜಿಟಿಜಿಟಿ ಮಳೆ, ಕಾಲ ಕೆಳಗೆ ರಾಡಿ, ತಲೆಯ ಮೇಲೆ ಒಂದು ಕಡ್ಡಿ ಮುರಿದ ಕೊಡೆ. ಆದರೂ ನಿಂತೇಬಿಟ್ಟೆ. ಹಿಂದೆ ಬಂದ ಆಟೋದವನು ಹಾರ್ನ್ ಹೊಡೆದು ಹೊಡೆದು ಬೇಸತ್ತು, "ಅಜ್ಜಿ, ನಿಂದ್ರೂದಿದ್ರ ಬಾಜೂಕ ನಿಂದ್ರರಿ" ಅಂದ. ಅಜ್ಜಿ ಎಂದದ್ದಕ್ಕೆ ಸಿಟ್ಟು ಬಂತು. ಬಾಜೂಕೆ ಮಾತ್ರ ಸರಿದು ನಿಂತೆ. ನಾಗರ ಪಂಚಮಿ ಹತ್ತಿರ ಬಂತು, ಉಂಡಿ ಕಟ್ಟಲು ಶುರುವಾಗಿದೆ ಎಂದುಕೊಂಡೆ. ಅಲ್ಲಿಂದ ಮನೆ ಮುಟ್ಟುವವರೆಗೂ ನಾಲ್ಕು ವರ್ಷದ ಹಿಂದಿನ ಆ ಶ್ರಾವಣ ನನ್ನ ಜೊತೆಗೇ ನಡೆದು ಬಂತು.

ನಾನು ಹುಬ್ಬಳ್ಳಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವಳು. ನಿವೃತ್ತಳಾದ ವರ್ಷವೇ ಬೆಂಗೇರಿಯ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್ ಮೇಡಂ ಚರ್ಚಿನ ಹೊರಗೆ ನನ್ನನ್ನು ಹಿಡಿದು ನಿಲ್ಲಿಸಿದರು. "ಗ್ರೇಸ್ ಅಕ್ಕಾ, ಮನ್ಯಾಗ ಖಾಲಿ ಕೂತು ಏನ ಮಾಡ್ತೀರಿ? ನಮ್ಮ ಒಂಬತ್ತನೇತ್ತೆ ಹುಡುಗ್ಯಾರಿಗೆ ವಾರಕ್ಕೊಂದು ತಾಸು ರೊಕ್ಕದ ವ್ಯವಹಾರ ಕಲಿಸ್ರಿ. ಬೀಜಗಣಿತ ಬರತೈತಿ ಅವಕ್ಕ. ಬ್ಯಾಂಕಿನ ಚೀಟಿ ತುಂಬಾಕ ಬರೂದಿಲ್ಲ." ನಾನು ಹ್ಞೂಂ ಎಂದೆ. ಅಷ್ಟು ವರ್ಷ ಗಾಜಿನ ಹಿಂದೆ ಕೂತು ಚೀಟಿ ತಪ್ಪು ತುಂಬಿದವರನ್ನು ಗದರಿದ್ದೇನೆ, ಇನ್ನು ಗಾಜಿನ ಈಚೆ ನಿಂತು ಗದರಿದರಾಯಿತು ಎಂದುಕೊಂಡೆ.

ಹೆಸರು ಕೊಟ್ಟವರು ಹನ್ನೊಂದು ಜನ. ಮೊದಲ ತರಗತಿಯಲ್ಲಿ ಎಟಿಎಂ ಕಾರ್ಡಿನ ಪಿನ್ ನಂಬರನ್ನು ಯಾರಿಗೂ ಹೇಳಬಾರದು ಎಂದು ವಿವರಿಸಿದೆ. "ನಿಮ್ಮ ಮನೆಯಲ್ಲಿ ಹೇಗೆ ಇಡುತ್ತಾರೆ?" ಎಂದು ಕೇಳಿದ್ದಷ್ಟೇ, ಮೂವರು ಎದ್ದು ನಿಂತು ತಮ್ಮ ತಮ್ಮ ಅವ್ವಂದಿರ ಪಿನ್ ನಂಬರನ್ನು ಇಡೀ ತರಗತಿಗೆ ಕೇಳುವಂತೆ ಹೇಳಿಬಿಟ್ಟರು. ನಾಗರತ್ನ ಎಂಬವಳು, "ನಮ್ಮದು ಕಾರ್ಡಿನ ಮ್ಯಾಲೇ ಬರದೈತ್ರಿ ಟೀಚರ್, ಮರೀಬಾರದಂತ" ಅಂದಳು. ಬಡ್ಡಿ, ಠೇವಣಿ, ವಿಮೆ ಎಂದು ನಾನು ಮುಂದಿನ ಎರಡು ವಾರ ಬಾಯಿ ನೋಯಿಸಿಕೊಂಡೆ. ಹುಡುಗಿಯರು ಮರ್ಯಾದೆಯಿಂದ ಆಕಳಿಸಿದರು, ಅಂದರೆ ಕೈ ಅಡ್ಡ ಹಿಡಿದು.

ನಾಲ್ಕನೇ ವಾರ ಕಸ್ತೂರಿ ಕೈ ಎತ್ತಿದಳು. ಕಡೆಯ ಬೆಂಚಿನ ತೆಳ್ಳನೆಯ ಹುಡುಗಿ, ಅಲ್ಲಿಯವರೆಗೆ ಅವಳ ಧ್ವನಿಯನ್ನೇ ನಾನು ಕೇಳಿರಲಿಲ್ಲ.

"ಟೀಚರ್, ನಮ್ಮವ್ವ ದಿನಾ ಹತ್ತು ಕಿಲೋ ಉಂಡಿ ಕಟ್ಟತಾಳ್ರಿ. ಸರೋಜಕ್ಕನ ಕಡೆ. ಅಕಿಗೆ ಎಷ್ಟು ಸಿಗಬೇಕ್ರಿ?"

"ಈಗ ಎಷ್ಟು ಕೊಡ್ತಾರ?"

"ದಿನಕ್ಕ ನಾಕನೂರು."

ಸರೋಜಕ್ಕನನ್ನು ಆ ಭಾಗದಲ್ಲಿ ಅರಿಯದವರಿಲ್ಲ. ಪಂಚಮಿಗೆ ಉಂಡಿ, ದೀಪಾವಳಿಗೆ ಕರ್ಚಿಕಾಯಿ, ಮದುವೆಗೆ ಹೋಳಿಗೆ, ರೊಟ್ಟಿ, ಎಲ್ಲದಕ್ಕೂ ಆರ್ಡರ್ ಹಿಡಿಯುವ ಹೆಂಗಸು. ಕಸ್ತೂರಿಯ ಅವ್ವ ಯಲ್ಲವ್ವ ಅವಳ ಕೈಕೆಳಗೆ ಏಳೆಂಟು ವರ್ಷದಿಂದ ದುಡಿಯುತ್ತಿದ್ದಳು. ಗಂಡನಿಲ್ಲದ ಆ ಮನೆ ನಡೆಯುತ್ತಿದ್ದುದು ಆ ದುಡಿಮೆಯಿಂದಲೇ.

ಚಾಕ್‌ಪೀಸ್ ಹಿಡಿದು ಬೋರ್ಡಿಗೆ ಹೋದೆ. ಒಂದು ಕಿಲೋ ಶೇಂಗಾ ಉಂಡಿಗೆ ಶೇಂಗಾ ಎಷ್ಟು, ಬೆಲ್ಲ ಎಷ್ಟು, ಯಾಲಕ್ಕಿ, ತುಪ್ಪ, ಗ್ಯಾಸ್? ಆಕಳಿಸುತ್ತಿದ್ದವರೆಲ್ಲ ಬೆಂಚು ಬಿಟ್ಟು ಮುಂದೆ ಬಂದರು. ಒಬ್ಬಳಿಗೆ ದುರ್ಗದಬೈಲು ಪೇಟೆಯ ಶೇಂಗಾ ರೇಟು ಗೊತ್ತಿತ್ತು, ಇನ್ನೊಬ್ಬಳಿಗೆ ಒಂದು ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂದು ಗೊತ್ತಿತ್ತು. ನನಗೇ ಗೊತ್ತಿರದ ಸಂಗತಿಗಳು ಒಂದೊಂದಾಗಿ ಬೋರ್ಡ್ ಏರಿದವು. ಸಾಮಾನಿಗೆ ನೂರಾಮೂವತ್ತು ಬಂತು. ಸರೋಜಕ್ಕ ಮಾರುವುದು ಮುನ್ನೂರ ನಲವತ್ತಕ್ಕೆ. ಯಲ್ಲವ್ವನ ಕೈಗೆ ಕಿಲೋಗೆ ಬೀಳುವುದು ನಲವತ್ತು. ಕಸ್ತೂರಿ ಬೋರ್ಡನ್ನೇ ನೋಡುತ್ತ ನಿಂತಳು. "ಹುರಿಯೂದು, ಸಿಪ್ಪಿ ತಗಿಯೂದು, ಬಿಸಿ ಆಣದಾಗ ಕೈ ಸುಟಗೊಳ್ಳೂದು ಅಕಿ" ಎಂದಳು, ನನಗಲ್ಲ, ತನಗೇ.

ಆ ಕ್ಷಣ ಸುಮ್ಮನಿರಬಹುದಿತ್ತು. ಆದರೆ ನಾಲ್ಕು ವಾರದಲ್ಲಿ ಮೊದಲ ಸಲ ತರಗತಿಗೆ ಜೀವ ಬಂದಿತ್ತು, ನನಗೂ ಹುರುಪು ತಲೆಗೇರಿತ್ತು. ಈ ಪಂಚಮಿಗೆ ನಾವೇ ಉಂಡಿ ಮಾಡಿ ಮಾರೋಣ ಎಂದುಬಿಟ್ಟೆ. ತಲೆಗೆ ಮುನ್ನೂರು ರೂಪಾಯಿ ಬಂಡವಾಳ, ಒಟ್ಟು ಮೂರು ಸಾವಿರದ ಮುನ್ನೂರು. ಇಪ್ಪತ್ತೈದು ಕಿಲೋ ಉಂಡಿ. ಯಲ್ಲವ್ವ ಮುಂದೆ ನಿಂತು ಮಾಡಿಸಬೇಕು, ಅವಳಿಗೆ ಕಿಲೋಗೆ ಎಂಬತ್ತು ರೂಪಾಯಿ ಕೂಲಿ. ಈ ಎಂಬತ್ತನ್ನು ಗೊತ್ತು ಮಾಡಿದ್ದು ಹುಡುಗಿಯರೇ. ನಾನು ಅರವತ್ತು ಎಂದಿದ್ದೆ, ಹನ್ನೊಂದು ಕೈಗಳು ನನ್ನ ವಿರುದ್ಧ ಎದ್ದವು.

ಆಗ ನನಗೆ ತಿಳಿಯದಿದ್ದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪಂಚಮಿಯ ಮುಂಚಿನ ಆ ಎಂಟು ದಿನ ಸರೋಜಕ್ಕನಿಗೆ ಉಸಿರಾಡಲೂ ಪುರುಸೊತ್ತಿಲ್ಲದ ದಿನಗಳು. ಕಸ್ತೂರಿ ಬೋರ್ಡಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆಗೆ ಹೋಗಿ, ಓದು ಬಾರದ ಅವ್ವನಿಗೆ ಒಂದೊಂದೇ ಸಾಲು ತಿಳಿಸಿ, ಈ ಸಲ ಸರೋಜಕ್ಕನ ಕಡೆ ಹೋಗಬೇಡ ಎಂದು ಒಪ್ಪಿಸಿದ್ದಳು. ಸರೋಜಕ್ಕ ಬಾಗಿಲಿಗೆ ಬಂದು, "ಪಂಚಮಿಗೆ ಬರಲಿಲ್ಲಂದ್ರ ಮುಂದ ಯಾವುದಕ್ಕೂ ಬರಬ್ಯಾಡ" ಎಂದು ಹೇಳಿ ಹೋಗಿದ್ದಳು. ಅಂದರೆ ನಮ್ಮ ಇಪ್ಪತ್ತೈದು ಕಿಲೋ ಉಂಡಿಯ ಮೇಲೆ ಆ ಮನೆಯ ಇಡೀ ವರ್ಷದ ಅನ್ನ ಕೂತಿತ್ತು. ತಾಯಿ ಮಗಳು ಇಬ್ಬರೂ ನನಗೆ ಈ ಮಾತು ಹೇಳಲಿಲ್ಲ. ನಾನು ಚೀಟಿ ತುಂಬುವುದು ಕಲಿಸುತ್ತಿದ್ದೇನೆ ಎಂಬ ಭ್ರಮೆಯಲ್ಲೇ ಇದ್ದೆ.

ಮೂರು ದಿನ ಯಲ್ಲವ್ವನ ಮನೆಯ ಪಡಸಾಲೆ ನಮ್ಮ ಕಾರ್ಖಾನೆಯಾಯಿತು. ಮಳೆ ಬಿಡದೆ ಹನಿಯುತ್ತಿತ್ತು. ಬೆಲ್ಲ ನೀರೊಡೆದಿತ್ತು, ಶೇಂಗಾ ಮೆತ್ತಗಾಗಿತ್ತು. ಯಲ್ಲವ್ವ ಮಾತು ಕಡಿಮೆ, ಕೈ ಚುರುಕು. ಆಣದ ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು, ಬೆರಳಿನಿಂದ ಒತ್ತಿ ನೋಡಿ, "ಈಗ" ಅನ್ನುವಳು. ಆ "ಈಗ"ಕ್ಕೆ ಹನ್ನೊಂದು ಜನ ಅಂಗೈಗೆ ತುಪ್ಪ ಸವರಿಕೊಂಡು ಧುಮುಕುವರು. ನಾನೂ ಧುಮುಕಿದೆ. ನಾನು ಕಟ್ಟಿದ ಉಂಡಿ ನೋಡಿ ಯಲ್ಲವ್ವ, "ಅಕ್ಕಾರ, ನೀವು ತೂಕ ಮಾಡ್ರಿ" ಎಂದು ನಯವಾಗಿ ತಕ್ಕಡಿಯ ಮುಂದೆ ಕೂಡಿಸಿದಳು.

ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಮೊದಲ ಮಾರಾಟ. ಅರ್ಧ ಕಿಲೋ ಹಿಡಿಯುವ ಸ್ಟೀಲ್ ಡಬ್ಬಿಗಳನ್ನು ಹುಡುಗಿಯರು ತಮ್ಮ ತಮ್ಮ ಮನೆಗಳಿಂದ ತಂದರು. ಹೀಗೆ ಇಪ್ಪತ್ತು ಡಬ್ಬಿ, ಇಪ್ಪತ್ತು ಮನೆ, ಡಬ್ಬಿಗೆ ನೂರೈವತ್ತು. ನಾನೇ ಬುದ್ಧಿ ಹೇಳಿ ಕಳಿಸಿದ್ದೆ: ತಲೆ ಬಾಚಿಕೊಳ್ಳಿ, ಚೆಂದದ ಬಟ್ಟೆ ಹಾಕಿಕೊಳ್ಳಿ, ನಗುನಗುತ್ತ ಮಾತಾಡಿ. ಶಾಲೆಯ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಬರುವ ಹಣಕ್ಕೆ ರಬ್ಬರ್ ಬ್ಯಾಂಡ್ ಸಿದ್ಧ ಮಾಡಿಕೊಂಡು ಕಾದೆ.

ಎರಡು ತಾಸಿನ ಮೇಲೆ ಸಾಲಾಗಿ ಬಂದರು. ಡಬ್ಬಿಗಳೆಲ್ಲ ಕೈಯಲ್ಲೇ ಇದ್ದವು, ಹೋದಾಗಿನಷ್ಟೇ ಭಾರವಾಗಿ. ಎಲ್ಲರ ಹಣೆಯ ಮೇಲೂ ಹೊಸ ಕುಂಕುಮ.

"ಯಾಕ, ಯಾರೂ ತಗೊಳ್ಳಲಿಲ್ಲೇನು?"

"ಎಲ್ಲಾರೂ ತಗೊಂಡ್ರ್ರಿ ಟೀಚರ್" ಎಂದಳು ನಾಗರತ್ನ, ನೆಲ ನೋಡುತ್ತ.

"ಹಂಗಾರ ಡಬ್ಬ್ಯಾಗ ಏನೈತಿ?"

ತೆಗೆದು ತೋರಿಸಿದಳು. ರವೆ ಉಂಡಿ. ಪಕ್ಕದ ಡಬ್ಬಿಯಲ್ಲಿ ಎಳ್ಳಿನ ಉಂಡಿ. ಅದರ ಪಕ್ಕದ್ದರಲ್ಲಿ ಚುರಮುರಿ ಉಂಡಿ, ಬೇಸನ್ ಉಂಡಿ, ಮತ್ತೊಂದರಲ್ಲಿ ನಮ್ಮದಕ್ಕಿಂತ ದಪ್ಪನೆಯ ಶೇಂಗಾ ಉಂಡಿ.

ಆಗಿದ್ದು ಇಷ್ಟು. ಪಂಚಮಿಯ ಮುಂದೆ, ಚೆಂದ ಬಟ್ಟೆ ಹಾಕಿಕೊಂಡ ಓಣಿಯ ಹುಡುಗಿ ಸ್ಟೀಲ್ ಡಬ್ಬಿ ಹಿಡಿದು ಬಾಗಿಲಿಗೆ ಬಂದರೆ ನಮ್ಮ ಕಡೆಯ ಯಾವ ಹೆಂಗಸು ತಾನೇ ಅವಳು ಮಾರಲು ಬಂದಿದ್ದಾಳೆ ಎಂದುಕೊಂಡಾಳು? "ಬಾ ನಮ್ಮವ್ವ, ಒಳಗ ಬಾ, ಅವ್ವ ಉಂಡಿ ಕಳಿಸ್ಯಾಳೇನು?" ಎಂದು ಡಬ್ಬಿ ಇಸಿದುಕೊಂಡು ಒಳಗೆ ಹೋಗಿದ್ದಾರೆ. ಹಬ್ಬದಲ್ಲಿ ಬಂದ ಡಬ್ಬಿಯನ್ನು ಖಾಲಿ ಮಾಡಿ ಹಾಗೇ ಕೊಡುವ ರೂಢಿ ನಮ್ಮಲ್ಲಿಲ್ಲ. ತಮ್ಮ ಮನೆಯ ಉಂಡಿ ತುಂಬಿ, ಹಣೆಗೆ ಕುಂಕುಮ ಹಚ್ಚಿ ಕಳಿಸಿದ್ದಾರೆ. ನಮ್ಮದು ಚರ್ಚಿನ ಮನೆಯಾದರೂ ಹುಟ್ಟಿದಾಗಿನಿಂದ ಪ್ರತಿ ಪಂಚಮಿಗೆ ಅಕ್ಕಪಕ್ಕದವರ ಉಂಡಿ ತಿಂದವಳು ನಾನು. ಅವರ ಡಬ್ಬಿಗೆ ಸಕ್ಕರೆಯನ್ನಾದರೂ ಹಾಕದೆ ನಮ್ಮಮ್ಮ ಎಂದೂ ತಿರುಗಿ ಕೊಟ್ಟವಳಲ್ಲ. ಎಲ್ಲ ಗೊತ್ತಿದ್ದೂ ಡಬ್ಬಿ ಹೊರಿಸಿ ಕಳಿಸಿದ್ದೆ. ನನ್ನ ಬ್ಯಾಂಕಿನ ಬುದ್ಧಿಗೆ ಇಷ್ಟು ಹೊಳೆಯಲಿಲ್ಲ.

"ರೊಕ್ಕ ಕೇಳಬೇಕಿಲ್ಲೇನು?" ಎಂದೆ.

"ಹಣಿಗೆ ಕುಂಕುಮ ಹಚ್ಚಿದ ಮ್ಯಾಲ ಹೆಂಗ ಕೇಳೂದ್ರಿ? ಬಾಯೇ ಬರಲಿಲ್ಲ."

ಇಪ್ಪತ್ತು ಡಬ್ಬಿಗಳಲ್ಲಿ ಒಂದೇ ಒಂದು ಖಾಲಿ ಬಂದಿತ್ತು. ಅದರೊಳಗೆ ನೂರೈವತ್ತು ರೂಪಾಯಿ ಇತ್ತು. ಬಿಹಾರದ ಕಡೆಯಿಂದ ವರ್ಗವಾಗಿ ಬಂದು ಬಾಡಿಗೆಗಿದ್ದ ರೈಲ್ವೆ ನೌಕರನ ಹೆಂಡತಿ ಕೊಟ್ಟದ್ದು.

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿಯರೂ ಒಬ್ಬೊಬ್ಬರಾಗಿ ಕಿಸಕ್ಕೆಂದರು. ಕಸ್ತೂರಿ ನಗಲಿಲ್ಲ. ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಳು, ತುಟಿ ಕಚ್ಚಿಕೊಂಡು. ಹತ್ತಿರ ಹೋಗಿ ಕೇಳಿದಾಗ ಸರೋಜಕ್ಕನ ಮಾತು ಹೊರಬಂತು. ನನ್ನ ನಗು ಅಲ್ಲಿಗೇ ನಿಂತಿತು. ಅಷ್ಟು ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ಕಡಿಮೆ ಬಿದ್ದರೆ ಕೈಯಿಂದ ಕಟ್ಟಿಕೊಡಬಹುದಿತ್ತು. ಇದನ್ನು ಎಲ್ಲಿಂದ ಕಟ್ಟಿಕೊಡಲಿ? ನನ್ನ ಪೆನ್ಶನ್ ಹಣದಿಂದ ಕೊಡುತ್ತೇನೆ ಎಂದು ಬಾಯಿ ತೆರೆದೆ.

"ಬ್ಯಾಡ್ರಿ ಟೀಚರ್" ಎಂದಳು ಕಸ್ತೂರಿ. "ಹದಿನೈದು ಕಿಲೋ ಇನ್ನೂ ಐತಿ." ಸ್ವಲ್ಪ ಹೊತ್ತು ಆ ಖಾಲಿ ಡಬ್ಬಿಯನ್ನೇ ತಿರುಗಿಸುತ್ತ ನಿಂತಳು. "ಆ ರೈಲ್ವೆಯವ್ರ ಹೆಂಡ್ತಿ ಒಬ್ರ ಯಾಕ ರೊಕ್ಕ ಕೊಟ್ರು? ಅವರ ಮನ್ಯಾಗ ಉಂಡಿ ಕಟ್ಟೂದಿಲ್ಲ. ನಾವು ಉಂಡಿ ಇದ್ದ ಮನಿಗೇ ಉಂಡಿ ಒಯ್ದೇವಿ. ಯಾರಿಗೆ ಈ ಸಲ ಉಂಡಿ ಕಳಿಸವ್ರಿಲ್ಲೋ, ಅವರನ್ನ ಹುಡಕೂಣ್ರಿ."

ಬ್ಯಾಂಕಿನಲ್ಲಿ ನನಗೆ ಎಷ್ಟೋ ತರಬೇತಿ ಕೊಟ್ಟಿದ್ದಾರೆ. ಗಿರಾಕಿ ಯಾರು ಎಂಬುದನ್ನು ಇಷ್ಟು ಸರಳವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಯೋಚಿಸಿದಾಗ ಹೊಳೆದದ್ದು ದೊಡ್ಡ ಆಸ್ಪತ್ರೆಯೊಂದರ ನರ್ಸುಗಳ ಹಾಸ್ಟೆಲ್. ಹಬ್ಬಕ್ಕೆ ರಜೆ ಸಿಗದೆ ಉಳಿದ ಹೆಣ್ಣುಮಕ್ಕಳು ಅಲ್ಲಿ ತುಂಬಿದ್ದರು. ಬಾಗಲಕೋಟೆ ಕಡೆಯವರು, ಗದಗ ಕಡೆಯವರು, ಕೆಲವರು ಮುಗದದಂಥ ಹತ್ತಿರದ ಹಳ್ಳಿಯವರೇ, ಆದರೂ ಡ್ಯೂಟಿ ಬಿಟ್ಟು ಹೋಗುವಂತಿರಲಿಲ್ಲ. ಈ ಸಲ ಡಬ್ಬಿಯ ಗೊಡವೆಗೇ ಹೋಗಲಿಲ್ಲ. ಅರ್ಧ ಕಿಲೋ ಹಿಡಿಯುವ ಪ್ಲಾಸ್ಟಿಕ್ ಪ್ಯಾಕೆಟ್ ತಂದು, ಬಾಯಿ ಮುಚ್ಚಿ, ಮೇಲೆ ಚೀಟಿ ಅಂಟಿಸಿ ತೂಕ ಮತ್ತು ರೇಟು ದಪ್ಪಕ್ಷರದಲ್ಲಿ ಬರೆದರು. ಸಾಮಾನು ತಂದು ಮಿಕ್ಕಿದ್ದ ಐವತ್ತು ರೂಪಾಯಿ ಅದಕ್ಕೆ ಹೋಯಿತು. ಬಟ್ಟೆಯೂ ಹಬ್ಬದ್ದಲ್ಲ, ಶಾಲೆಯ ಯೂನಿಫಾರ್ಮ್. ಅದು ನಾಗರತ್ನಳ ಸಲಹೆ. ಕುಂಕುಮ ಹಚ್ಚುವವರು ಸಿಕ್ಕರೆ ಮೊದಲು ರೇಟು ಹೇಳಿ ಆಮೇಲೆ ಹಣೆ ಮುಂದೆ ಮಾಡಬೇಕು ಎಂದು ತಮ್ಮ ತಮ್ಮಲ್ಲೇ ಠರಾವು ಮಾಡಿಕೊಂಡರು.

ರೊಟ್ಟಿ ಹಬ್ಬದ ದಿನ, ಅಂದರೆ ಪಂಚಮಿಯ ಮುಂಚಿನ ದಿನ, ಮಧ್ಯಾಹ್ನ ಡ್ಯೂಟಿ ಬದಲಾಗುವ ಹೊತ್ತಿಗೆ ಹಾಸ್ಟೆಲ್ ಗೇಟಿನ ಬಳಿ ಟೇಬಲ್ ಹಾಕಿದೆವು. ಮೊದಲ ಹತ್ತು ನಿಮಿಷ ಯಾರೂ ತಿರುಗಿ ನೋಡಲಿಲ್ಲ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಆಮೇಲೆ ಒಬ್ಬ ನರ್ಸ್ ನಿಂತಳು. ಕಸ್ತೂರಿ ಒಂದು ಉಂಡಿ ಮುರಿದು ಕೈಗಿಟ್ಟಳು. ಆಕೆ ಬಾಯಿಗೆ ಹಾಕಿಕೊಂಡು, "ನಮ್ಮವ್ವನ ಕೈಯಾಗಿನ ಹದ ಐತೆವ್ವ" ಎಂದಳು, ಎರಡು ಪ್ಯಾಕೆಟ್ ತೆಗೆದುಕೊಂಡು ಒಳಗೆ ಹೋಗಿ ಆರು ಜನರನ್ನು ಕರೆತಂದಳು. ಒಬ್ಬಳು, "ನೂರಿಪ್ಪತ್ತಕ್ಕ ಕೊಡು" ಎಂದು ಚೌಕಾಸಿಗಿಳಿದಳು. ಕಸ್ತೂರಿ ದನಿ ಏರಿಸಲಿಲ್ಲ. "ಅಕ್ಕಾ, ಇದರಾಗ ಎಪ್ಪತ್ತಕ್ಕ ಹತ್ರ ಸಾಮಾನು ಐತಿ, ನಲವತ್ತು ಕಟ್ಟಿದವ್ರ ಕೈಗೆ. ಯಾವುದ್ರಾಗ ಕಡಿಮಿ ಮಾಡ್ಲಿ, ನೀವ ಹೇಳ್ರಿ" ಎಂದಳು. ಆ ನರ್ಸ್ ನೂರೈವತ್ತು ಎಣಿಸಿದಳು. ಮೂವತ್ತು ಪ್ಯಾಕೆಟ್ ಖರ್ಚಾಗಲು ಒಂದು ತಾಸೂ ಹಿಡಿಯಲಿಲ್ಲ.

ಇನ್ನು ಇದು ಲಾಭದ ಕಥೆ ಎಂದು ಯಾರಾದರೂ ಓದುತ್ತಿದ್ದರೆ ಅವರಿಗೆ ನಿರಾಸೆಯಾಗುತ್ತದೆ. ಕೈಗೆ ಬಂದದ್ದು ನಾಲ್ಕು ಸಾವಿರದ ಆರುನೂರೈವತ್ತು. ಯಲ್ಲವ್ವನ ಕೂಲಿ ಎರಡು ಸಾವಿರ. ಅದನ್ನು ಕೊಟ್ಟರೆ ಹುಡುಗಿಯರಿಗೆ ತಮ್ಮ ಮುನ್ನೂರು ಪೂರ್ತಿ ವಾಪಸು ಬರುವುದಿಲ್ಲ. ಇದನ್ನು ಅವರೇ ಬಗೆಹರಿಸಲಿ ಎಂದು ಪಡಸಾಲೆಯ ಮೂಲೆಯಲ್ಲಿ ಕೂತೆ.

ಯಲ್ಲವ್ವನೇ ಮೊದಲು ಹೇಳಿದಳು. "ನಂದೇನ ಕೂಲಿ ತಂಗೆವ್ವಾ, ಮನ್ಯಾಗ ಕುಂತು ಮಾಡಿದ್ದು. ನಿಮ್ಮ ರೊಕ್ಕ ನೀವು ತಗೋರಿ."

ಯಾರೂ ಒಪ್ಪಲಿಲ್ಲ. ನಾಗರತ್ನ ತನ್ನ ನೋಟ್‌ಬುಕ್ ತೆಗೆದು ತೋರಿಸಿದಳು. "ಮೊದಲ ಇದನ್ನ ಬರದೇವ್ರಿ ಕಾಕೂ. ನಮ್ಮ ತಪ್ಪಿನ ಲುಕ್ಸಾನು ನಿಮ್ಮ ಕೈಯಾಗಿಂದ ಯಾಕ ಕಡಿಯೂದು? ಮಂದಿ ಕಡೆ ಡಬ್ಬಿ ತುಂಬಿಸಿಕೊಂಡು ಬಂದವ್ರು ನಾವು." ಎರಡು ಸಾವಿರವನ್ನು ಲಕೋಟೆಗೆ ಹಾಕಿ ಯಲ್ಲವ್ವನ ಕೈಗಿಟ್ಟರು. ಉಳಿದದ್ದನ್ನು ಹಂಚಿದಾಗ ತಲೆಗೆ ಇನ್ನೂರ ನಲವತ್ತು ಬಂತು, ಹತ್ತು ರೂಪಾಯಿ ಮಿಕ್ಕಿತು. ಒಬ್ಬೊಬ್ಬಳಿಗೂ ಅರವತ್ತು ರೂಪಾಯಿ ನಷ್ಟ. ಒಬ್ಬಳ ಮುಖವೂ ಸಣ್ಣಗಾಗಲಿಲ್ಲ. ಯಲ್ಲವ್ವ ಲಕೋಟೆಯನ್ನು ತೆರೆಯಲಿಲ್ಲ, ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನನ್ನ ಎದೆ ಹಿಗ್ಗಿತು, ಅದನ್ನು ಮುಚ್ಚಿಡುವುದೇಕೆ? ಮಕ್ಕಳಿಲ್ಲದವಳು ನಾನು, ಆ ಹೊತ್ತು ಹನ್ನೊಂದು ಮಕ್ಕಳ ತಾಯಿಯ ಹಾಗೆ ಬೀಗುತ್ತ ಕೂತಿದ್ದೆ.

ಮನೆಗಳಿಂದ ತುಂಬಿ ಬಂದ ಹತ್ತೊಂಬತ್ತು ಡಬ್ಬಿ ಉಂಡಿಯನ್ನು ಮಾರುವ ಮಾತೂ ಒಮ್ಮೆ ಬಂದಿತ್ತು. ಹಬ್ಬಕ್ಕೆ ಕೊಟ್ಟದ್ದನ್ನು ಮಾರಬಾರದು ಎಂದು ಯಲ್ಲವ್ವ ಕಡ್ಡಿ ಮುರಿದಂತೆ ಹೇಳಿದಳು. ಇಡೀ ಶಾಲೆ ಎರಡು ದಿನ ಉಂಡಿ ತಿಂದಿತು. ಹೆಡ್ ಮೇಡಂ ತಮಗೆ ಸಕ್ಕರೆ ಕಾಯಿಲೆ ಎಂಬುದನ್ನು ಮರೆತರು.

ಆದರೆ ಸರೋಜಕ್ಕ ಮಾತಿಗೆ ತಪ್ಪಲಿಲ್ಲ. ಗಣಪತಿ ಹಬ್ಬಕ್ಕೆ ಯಲ್ಲವ್ವನಿಗೆ ಕರೆ ಬರಲಿಲ್ಲ, ದಸರೆಗೂ ಬರಲಿಲ್ಲ. ಹಾಸ್ಟೆಲಿನವರು ವಾರಕ್ಕೆ ಎರಡು ಮೂರು ಕಿಲೋ ಶೇಂಗಾ ಚಟ್ನಿ, ಚಕ್ಕುಲಿ ಹೇಳುತ್ತಿದ್ದರು, ಅಷ್ಟರಲ್ಲಿ ಮನೆ ನಡೆಯುವುದಿಲ್ಲ. ಯಲ್ಲವ್ವ ಎರಡು ಮನೆಗಳ ಮುಸುರೆ ಹಿಡಿದಳು. ಕಸ್ತೂರಿ ತರಗತಿಗೆ ತಪ್ಪದೆ ಬರುತ್ತಿದ್ದಳು, ಮುಂದಿನ ಬೆಂಚಿನಲ್ಲೇ ಕೂಡುತ್ತಿದ್ದಳು. ನನಗೆ ಮಾತ್ರ ಅವಳ ಮುಖ ನೋಡುವುದು ಕಷ್ಟವಾಗುತ್ತಿತ್ತು. ಬೋರ್ಡಿನ ಮೇಲೆ ಆ ಲೆಕ್ಕ ಬರೆದವಳು ನಾನು.

ಮಳೆ ನಿಂತು, ಬೆಳಗಿನ ಹೊತ್ತು ಸಣ್ಣಗೆ ಚಳಿ ಬಿದ್ದಿತ್ತು. ದೀಪಾವಳಿಗೆ ಎರಡು ವಾರವಿರಬೇಕು. ಯಲ್ಲವ್ವನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಕಾಗದ ಪತ್ರ ನೋಡಿಕೊಡಿ ಎಂದು ಕಸ್ತೂರಿ ಕರೆದಿದ್ದಳು. ಅವರ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಹೊರಗೆ ಸ್ಕೂಟಿ ನಿಂತ ಸದ್ದಾಯಿತು. ಸರೋಜಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕೆಟ್ಟ ಹೆಂಗಸೇನಲ್ಲ ಆಕೆ, ತಾನೂ ಮಂದಿಯ ಮನೆಯಲ್ಲಿ ರೊಟ್ಟಿ ಬಡಿದು ಮೇಲೆ ಬಂದವಳು.

"ಆದದ್ದು ಆತು ಯಲ್ಲವ್ವ. ನೀ ಇಲ್ದ ಕಟ್ಟಿಸಿದ ಪಂಚಮಿ ಉಂಡಿ ಕಲ್ಲಾಗ್ಯಾವಂತ ಗಿರಾಕಿ ಬೈದ್ರು. ನಾಳಿಂದ ಬಾ. ದಿನಕ್ಕ ಐದನೂರು ಕೊಡತೇನಿ."

ಐನೂರು! ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಯಲ್ಲವ್ವ ಕೈಯೊರೆಸಿಕೊಂಡು ನಿಂತಳು. ಮಗಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ದಿನದ ಲೆಕ್ಕ ಬ್ಯಾಡ್ರಿ ಸರೋಜಕ್ಕ. ಕಿಲೋದ ಲೆಕ್ಕ ಮಾಡೂಣು. ಕಿಲೋಕ್ಕ ಎಂಬತ್ತು."

ಸರೋಜಕ್ಕ ನನ್ನ ಕಡೆ ತಿರುಗಿ, "ಇದು ನಿಮ್ಮ ಸಾಲಿ ಪಾಠ ಏನ್ರಿ?" ಎಂದಳು. ಮತ್ತೆ ಯಲ್ಲವ್ವನಿಗೆ, "ಹೊರಗ ಹೆಂಗಸ್ರು ಸಾಲು ಹಚ್ಯಾರ ಕೆಲಸಕ್ಕ. ನೀನ ಬೇಕಂತೇನಿಲ್ಲ" ಎಂದು ಚಪ್ಪಲಿಯತ್ತ ಕಾಲು ಚಾಚಿದಳು.

ನನ್ನ ಧೈರ್ಯ ಅಲ್ಲಿಗೇ ಕರಗಿತು. ಎದ್ದು ನಿಂತೆ. "ಇರ್ರಿ ಸರೋಜಾಬಾಯಿ, ಅಷ್ಟಕ್ಕ ಹೋಗಬ್ಯಾಡ್ರಿ. ಅರವತ್ತು ಮಾಡಿದ್ರೂ..."

"ಅಕ್ಕಾರ" ಎಂದಳು ಯಲ್ಲವ್ವ, ಸಿಟ್ಟಿಲ್ಲದೆ, ನನ್ನನ್ನು ತಕ್ಕಡಿಯ ಮುಂದೆ ಕೂಡಿಸಿದ ಅದೇ ನಯದಿಂದ. "ನೀವು ಚಹಾ ಕುಡೀರಿ. ಆರತೈತಿ."

ನಾನು ಕೂತೆ. ನನ್ನ ಸೇವೆಯ ಅಷ್ಟೂ ವರ್ಷದಲ್ಲಿ ನನ್ನ ನಂತರ ಸೇರಿದ ಐದು ಜನ ನನ್ನನ್ನು ದಾಟಿ ಆಫೀಸರಾದರು. ನನಗೂ ಬಡ್ತಿ ಕೊಡಿ ಎಂದು ಒಂದು ದಿನವೂ ಮ್ಯಾನೇಜರರ ಕೋಣೆಗೆ ಹೋಗಿ ಕೇಳಲಿಲ್ಲ ನಾನು. ಬಾಗಿಲವರೆಗೆ ಹೋಗಿ, ಅವರು ಬೇಡ ಅಂದುಬಿಟ್ಟರೆ ಎಂದು ತಿರುಗಿ ಬಂದವಳು. ಇಲ್ಲಿ ಈ ಹೆಂಗಸು, ಸಹಿ ಮಾಡುವುದನ್ನು ಆ ವಾರವಷ್ಟೇ ಮಗಳಿಂದ ಕಲಿತವಳು, ತನ್ನ ಕೈಯ ಬೆಲೆ ಹೇಳಿ ಅಲುಗಾಡದೆ ನಿಂತಿದ್ದಳು. ಕಸ್ತೂರಿ ಬ್ಯಾಂಕಿನ ಫಾರ್ಮಿನಿಂದ ತಲೆ ಎತ್ತಲಿಲ್ಲ, ಆದರೆ ಪೆನ್ನು ನಿಂತಿತ್ತು.

ಸರೋಜಕ್ಕ ಒಂದು ಚಪ್ಪಲಿ ಮೆಟ್ಟಿದಳು. ಇನ್ನೊಂದನ್ನು ಮೆಟ್ಟದೆ ನಿಂತಳು.

"ಆತು. ಎಂಬತ್ತು. ನಾಳಿ ಮುಂಜಾನೆ ಎಂಟಕ್ಕ ಬಾ."

"ಒಂಬತ್ತಕ್ಕ ಬರತೇನ್ರಿ" ಎಂದಳು ಯಲ್ಲವ್ವ. "ಇಕಿನ್ನ ಸಾಲಿಗೆ ಕಳಿಸಿ ಬರತೇನಿ."